ಮಿನಿ ಕಡಿಮೆಯಾದರೆ ದೋಷ ಎಲ್ಲಿದೆ? ಸಿನಾಪ್ಸ್‌ನಲ್ಲೋ, ರಿಗ್‌ನಲ್ಲೋ

ಲಕ್ಷಣ ಸಾಮಾನ್ಯವಾಗಿ ಹೀಗಿರುತ್ತದೆ. ಒಂದು ಜೀನ್ ತೆಗೆದ ಇಲಿಯ ಮೆದುಳಿನ ಹಿಪೊಕ್ಯಾಂಪಸ್ ಭಾಗದ ತೆಳುವಾದ ಸ್ಲೈಸ್‌ನಲ್ಲಿ ಸಿಎ1 ಎನ್ನುವ ಜಾಗದ ಕೋಶಗಳನ್ನು ಪ್ಯಾಚ್ ಮಾಡುತ್ತಿದ್ದೀರಿ, ಅಂದರೆ ಗಾಜಿನ ಪಿಪೆಟ್ ಅಂಟಿಸಿ ಅವುಗಳ ಕರೆಂಟ್ ಅಳೆಯುತ್ತಿದ್ದೀರಿ. ಬಾತ್‌ಗೆ, ಅಂದರೆ ಸ್ಲೈಸ್ ಮುಳುಗಿರುವ ದ್ರಾವಣಕ್ಕೆ, ನರಸಂಕೇತ ನಿಲ್ಲಿಸುವ ಟಿಟಿಎಕ್ಸ್ ಹಾಕಿದೆ, ಕೋಶವನ್ನು -70 ಮಿಲಿವೋಲ್ಟ್‌ನಲ್ಲಿ ಹಿಡಿದಾಗಿದೆ. ಮಾಮೂಲಿ ಇಲಿಯಲ್ಲಿ ಬರುವಷ್ಟು ಮಿನಿಗಳು, ಅಂದರೆ ಎರಡು ನರಕೋಶ ಸೇರುವ ಸಂಧಿಯಾದ ಸಿನಾಪ್ಸ್‌ನಿಂದ ತಾನಾಗಿ ಬರುವ ಪುಟ್ಟ ಕರೆಂಟ್‌ಗಳು, ಇದರಲ್ಲಿ ಬರುತ್ತಿಲ್ಲ. ಎತ್ತರ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇದೆ. ಲ್ಯಾಬ್ ಮೀಟಿಂಗ್‌ನಲ್ಲಿ ಯಾರಾದರೂ ಕೂಡಲೇ ತೀರ್ಪು ಕೊಡುತ್ತಾರೆ: "ಸಂಖ್ಯೆ ಕಡಿಮೆ, ಎತ್ತರ ಅದೇ. ಅಂದ್ಮೇಲೆ ದೋಷ ಪ್ರಿಸಿನಾಪ್ಟಿಕ್, ಸಂಕೇತ ಕಳಿಸುವ ಕೋಶದ್ದು, ಅಲ್ವಾ?"

ಇರಬಹುದು. ಆದರೆ ಇದೇ ಲಕ್ಷಣಕ್ಕೆ ಬೇರೆ ಕಾರಣಗಳೂ ಇವೆ. ಅವುಗಳಲ್ಲಿ ಎಲ್ಲಕ್ಕಿಂತ ಮಾಮೂಲಿಯಾದದ್ದಕ್ಕೂ ಸಿನಾಪ್ಸ್‌ಗೂ ಸಂಬಂಧವೇ ಇಲ್ಲ. ಹಾಗಾಗಿ ಹುಡುಕಾಟವನ್ನು ರಿಗ್‌ನಿಂದ, ಅಂದರೆ ರೆಕಾರ್ಡಿಂಗ್ ಸಲಕರಣೆಯಿಂದ, ಶುರು ಮಾಡಿ ಸಿನಾಪ್ಸ್‌ ಕಡೆಗೆ ಹೋಗಬೇಕು. ಉಲ್ಟಾ ಹೋದರೆ ತಿಂಗಳುಗಟ್ಟಲೆ ಕೆಲಸ ಹಾಳು.

ಹೊಸಬರಿಗಾಗಿ ಒಂದು ಮಾತು. ನರಕೋಶದ ತುದಿಯಲ್ಲಿ ನರಪ್ರೇಷಕ (ಮುಂದಿನ ಕೋಶಕ್ಕೆ ಸಂದೇಶ ಒಯ್ಯುವ ರಾಸಾಯನಿಕ) ತುಂಬಿದ ಸಣ್ಣ ಚೀಲಗಳಿರುತ್ತವೆ, ಇವೇ ವೆಸಿಕಲ್‌ಗಳು. ಯಾವ ಸಂಕೇತವೂ ಬಾರದಿದ್ದಾಗಲೂ ಆಗೊಂದು ಈಗೊಂದು ವೆಸಿಕಲ್ ತಾನಾಗಿ ಕೋಶದ ಪೊರೆಗೆ ಬೆಸೆದು ತೆರೆದುಕೊಂಡು ಹೊರಗೆ ಸುರಿಯುತ್ತದೆ. ಅದರಿಂದ ಆಚೆ ಕಡೆಯ ಕೋಶದಲ್ಲಿ ಹುಟ್ಟುವ ಪುಟ್ಟ ಕರೆಂಟೇ ಮಿನಿ. ಇದನ್ನು ಮೊದಲು ಕಂಡವರು ಪಾಲ್ ಫ್ಯಾಟ್ ಮತ್ತು ಬರ್ನಾರ್ಡ್ ಕಾಟ್ಜ್. ಕಪ್ಪೆಯ ನರ ಮತ್ತು ಸ್ನಾಯು ಸೇರುವ ಜಾಗದಲ್ಲಿ ನಡೆದ ಅವರ ಕೆಲಸದ ವಿವರ 1952ರಲ್ಲಿ ಪ್ರಕಟವಾಯಿತು. 1954ರಲ್ಲಿ ಡೆಲ್ ಕಾಸ್ಟಿಯೊ ಮತ್ತು ಕಾಟ್ಜ್ ಸೇರಿ, ದೊಡ್ಡ ಪ್ರತಿಕ್ರಿಯೆ ಕೂಡ ಇಂಥ ತುಣುಕುಗಳ ಮೊತ್ತವೇ ಎಂದು ತೋರಿಸಿದರು. ಸಂಖ್ಯೆ ಬದಲಾದರೆ ಕಳಿಸುವ ಕಡೆ, ಎತ್ತರ ಬದಲಾದರೆ ಪಡೆಯುವ ಕಡೆ ಎನ್ನುವ ಸೂತ್ರದ ಬೇರು ಅಲ್ಲಿದೆ. ಆದರೆ ಕಪ್ಪೆಯ ಸ್ನಾಯುವಿನ ಒಂದು ನಾರಿನ ಮೇಲೆ ಸಾಮಾನ್ಯವಾಗಿ ಇರುವುದು ಒಂದೋ ಎರಡೋ ದೊಡ್ಡ ಸಂಧಿ. ಸಿಎ1 ಕೋಶದ ಮೇಲೆ ಸಾವಿರಾರು ಸಿನಾಪ್ಸ್‌ಗಳು ಕೂತಿವೆ. ಸೂತ್ರ ಅಲ್ಲಿಂದ ಇಲ್ಲಿಗೆ ಹಾಗೇ ಬರುವುದಿಲ್ಲ.

ಮೊದಲ ಅನುಮಾನ: ಸೀರೀಸ್ ರೆಸಿಸ್ಟೆನ್ಸ್

ಪಿಪೆಟ್ ತುದಿ ಕೋಶದ ಒಳಗೆ ತೆರೆದುಕೊಳ್ಳುವ ಜಾಗ ಇಕ್ಕಟ್ಟಾದಷ್ಟೂ ಸೀರೀಸ್ ರೆಸಿಸ್ಟೆನ್ಸ್ ಜಾಸ್ತಿ. ಪೊರೆಯ ಚೂರೊಂದು ಬಂದು ತುದಿಗೆ ಅಡ್ಡ ಕೂತರೂ ಸಾಕು, ಅದು ಏರುತ್ತದೆ. ಈ ರೆಸಿಸ್ಟೆನ್ಸ್ ಮತ್ತು ಕೋಶದ ಕೆಪಾಸಿಟೆನ್ಸ್ ಸೇರಿ ಒಂದು ಫಿಲ್ಟರ್ ಆಗುತ್ತದೆ. ಲೆಕ್ಕ ಸುಲಭ: 10 ಮೆಗಾಓಮ್ ಇದ್ದು ಕೆಪಾಸಿಟೆನ್ಸ್ 100 ಪಿಕೋಫ್ಯಾರಡ್ ಇದ್ದರೆ ಎರಡರ ಗುಣಲಬ್ಧ 1 ಮಿಲಿಸೆಕೆಂಡ್. ಅದೇ 30 ಮೆಗಾಓಮ್ ಆದರೆ 3 ಮಿಲಿಸೆಕೆಂಡ್. ಕೋಶವನ್ನು ಕೆರಳಿಸುವ ನರಪ್ರೇಷಕವಾದ ಗ್ಲುಟಮೇಟ್‌ನ ಮಿನಿ ಏರುವುದಕ್ಕೆ ತೆಗೆದುಕೊಳ್ಳುವ ಸಮಯವೇ ಒಂದು ಮಿಲಿಸೆಕೆಂಡಿನ ಆಸುಪಾಸು. ಅಂಥ ಚುರುಕಾದ ಕರೆಂಟನ್ನು 3 ಮಿಲಿಸೆಕೆಂಡಿನ ಫಿಲ್ಟರ್ ಚಪ್ಪಟೆ ಮಾಡಿಬಿಡುತ್ತದೆ.

ಇಲ್ಲಿರುವ ಮೋಸ ಸ್ವಲ್ಪ ನಿಧಾನವಾಗಿ ನೋಡುವಂಥದ್ದು. ಮಿನಿಗಳು ಕುಗ್ಗಿದರೆ ಸರಾಸರಿ ಎತ್ತರ ಕಡಿಮೆಯಾಗಬೇಕಲ್ಲ? ಹಾಗಾಗುವುದಿಲ್ಲ. ನಿಮ್ಮ ಸಾಫ್ಟ್‌ವೇರ್‌ 6 ಪಿಕೋ ಆಂಪಿಯರ್‌ಗಿಂತ ಸಣ್ಣದನ್ನು ಎಣಿಸುವುದಿಲ್ಲ ಎಂದುಕೊಳ್ಳಿ. ಮೊದಲು 8 ಇದ್ದ ಮಿನಿ ಈಗ 5 ಆಗಿದೆ, ಅದು ಲೆಕ್ಕದಿಂದಲೇ ಹೊರಗೆ. 20 ಇದ್ದದ್ದು 13 ಆಗಿದೆ, ಅದು ಮಾತ್ರ ಉಳಿಯುತ್ತದೆ. ಜರಡಿ ಅದೇ ಇದ್ದು ಕಾಳುಗಳೇ ಕುಗ್ಗಿದರೆ ಸಣ್ಣ ಕಾಳೆಲ್ಲ ಕೆಳಗೆ ಬಿದ್ದುಹೋಗುತ್ತದೆ, ಮೇಲೆ ಉಳಿದ ಕಾಳಿನ ಸರಾಸರಿ ಗಾತ್ರ ನೋಡಿದರೆ ಏನೂ ಆಗೇ ಇಲ್ಲ ಅನ್ನಿಸುತ್ತದೆ. ಎತ್ತರ ಹೆಚ್ಚುಕಡಿಮೆ ಹಾಗೇ, ಸಂಖ್ಯೆ ಮಾತ್ರ ಬಿದ್ದಿದೆ. ಪ್ರಿಸಿನಾಪ್ಟಿಕ್ ದೋಷದ ಲಕ್ಷಣವೂ ಇದೇ!

ಪರೀಕ್ಷೆ ಹೀಗೆ. ರೆಕಾರ್ಡಿಂಗ್ ಉದ್ದಕ್ಕೂ ಆಗಾಗ 5 ಮಿಲಿವೋಲ್ಟ್‌ನ ಟೆಸ್ಟ್ ಪಲ್ಸ್ ಕೊಡಿ. ಪಲ್ಸ್ ಶುರುವಿನಲ್ಲಿ ಬರುವ ಚೂಪಾದ ಶಿಖರ 500 ಪಿಕೋ ಆಂಪಿಯರ್ ಇದ್ದರೆ ರೆಸಿಸ್ಟೆನ್ಸ್ 10 ಮೆಗಾಓಮ್. ಶಿಖರ 250ಕ್ಕೆ ಇಳಿದರೆ 20. ಆಂಪ್ಲಿಫೈಯರ್‌ನ ಫಿಲ್ಟರ್ ಬಿಗಿಯಾಗಿದ್ದರೆ ಶಿಖರ ಪೂರ್ತಿ ಕಾಣುವುದಿಲ್ಲ, ಆಗ ಈ ಲೆಕ್ಕವೂ ತಪ್ಪುತ್ತದೆ ಎನ್ನುವುದು ನೆನಪಿರಲಿ. ಶುರುವಿಗೂ ಕೊನೆಗೂ 20 ಪ್ರತಿಶತಕ್ಕಿಂತ ಜಾಸ್ತಿ ವ್ಯತ್ಯಾಸ ಬಂದ ಕೋಶವನ್ನು ಬಿಟ್ಟುಬಿಡುವುದು ವಾಡಿಕೆ. 25 ಮೆಗಾಓಮ್ ದಾಟಿದ್ದನ್ನು ನಾನಂತೂ ಮಿನಿ ಲೆಕ್ಕಕ್ಕೆ ಸೇರಿಸುವುದಿಲ್ಲ. ಕಷ್ಟಪಟ್ಟು ಹಿಡಿದ ಕೋಶ ಅನ್ನುವ ಮಮತೆ ಇಲ್ಲಿ ಬೇಡ.

ಅಷ್ಟಕ್ಕೇ ನಿಲ್ಲಬೇಡಿ. ಎರಡೂ ಗುಂಪಿನ ಕೋಶಗಳನ್ನೆಲ್ಲ ಸೇರಿಸಿ ಒಂದು ಗ್ರಾಫ್ ಹಾಕಿ: ಅಡ್ಡಕ್ಕೆ ಸೀರೀಸ್ ರೆಸಿಸ್ಟೆನ್ಸ್, ಉದ್ದಕ್ಕೆ ಮಿನಿ ಸಂಖ್ಯೆ. ಚುಕ್ಕೆಗಳು ಎಡದಿಂದ ಬಲಕ್ಕೆ ಇಳಿಜಾರಾಗಿ ಬಿದ್ದಿದ್ದರೆ, ಅದರಲ್ಲೂ ಜೀನ್ ತೆಗೆದ ಇಲಿಯ ಚುಕ್ಕೆಗಳು ಬಲಗಡೆಗೇ ಜಾಸ್ತಿ ಇದ್ದರೆ, ದೋಷ ಸಿಕ್ಕಿತು. ಮುಂದೆ ಓದುವ ಮೊದಲು ಪಿಪೆಟ್ ಸರಿ ಮಾಡಿ. 3ರಿಂದ 5 ಮೆಗಾಓಮ್‌ನ ಪಿಪೆಟ್, ಪ್ರತಿ ಕೋಶಕ್ಕೂ ಹೊಸದು. ಒಳದ್ರಾವಣವನ್ನು ಫಿಲ್ಟರ್ ಮಾಡಿಯೇ ತುಂಬಬೇಕು.

ನಾಯ್ಸ್ ಕೂಡ ಇದೇ ಆಟ ಆಡುತ್ತದೆ. ಬೇಸ್‌ಲೈನ್ ದಪ್ಪವಾದಷ್ಟೂ ಸಣ್ಣ ಮಿನಿಗಳು ಅದರಲ್ಲಿ ಮುಳುಗುತ್ತವೆ. ಕರೆಂಟ್ ಲೈನಿನ 50 ಅಥವಾ 60 ಹರ್ಟ್ಜ್ ಅಲೆ ಕಂಡರೆ ಗ್ರೌಂಡ್ ತಂತಿಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ, ಎರಡು ದಾರಿಯಲ್ಲಿ ಗ್ರೌಂಡ್ ಆಗಿರುವ ಸಾಮಾನು ಸಿಗುತ್ತದೆ. ಬೇಸ್‌ಲೈನ್ ತೇಲಾಡುತ್ತಿದ್ದರೆ ಬೆಳ್ಳಿ ತಂತಿಯ ಕ್ಲೋರೈಡ್ ಲೇಪ ಹೋಗಿರುತ್ತದೆ. ಬ್ಲೀಚ್‌ನಲ್ಲಿ ಕಪ್ಪಾಗುವವರೆಗೆ ನೆನೆಸಿ ತೊಳೆದರೆ ಸರಿಹೋಗುತ್ತದೆ. ಎಣಿಸುವ ಸಾಫ್ಟ್‌ವೇರ್‌ ಮೇಲೇ ಅನುಮಾನವಿದ್ದರೆ ಟ್ರೇಸನ್ನು ತಲೆಕೆಳಗು ಮಾಡಿ ಅದೇ ಸೆಟ್ಟಿಂಗ್‌ನಲ್ಲಿ ಎಣಿಸಿ. ತಲೆಕೆಳಗಾದ ಟ್ರೇಸ್‌ನಲ್ಲಿ ಸಿಗುವ "ಮಿನಿ"ಗಳೆಲ್ಲ ಬರೀ ನಾಯ್ಸ್. ಸುಮ್ನೆ ಎರಡು ನಿಮಿಷದ ಕೆಲಸ, ಆದರೂ ಮಾಡುವವರು ಕಡಿಮೆ.

ದ್ರಾವಣದಲ್ಲಿ ಕ್ಯಾಲ್ಸಿಯಂ

ಸ್ಲೈಸ್ ಮೇಲೆ ಹರಿಯುವ ದ್ರಾವಣದಲ್ಲಿ ಸೋಡಿಯಂ ಕ್ಲೋರೈಡ್‌ನಂತೆ ಜಾಸ್ತಿ ಇರುವ ಉಪ್ಪಿನಲ್ಲಿ ಆಗುವ ತಪ್ಪು ಬಹುತೇಕ ಓಸ್ಮೋಮೀಟರ್‌ಗೆ (ಕರಗಿದ ಕಣಗಳ ಒಟ್ಟು ಪ್ರಮಾಣ ಅಳೆಯುವ ಯಂತ್ರ) ಸಿಗುತ್ತದೆ. ಕ್ಯಾಲ್ಸಿಯಂದು ಸಿಗುವುದಿಲ್ಲ. 2 ಮಿಲಿಮೋಲರ್ ಇರಬೇಕಾದದ್ದು 1.5 ಆಯಿತೆನ್ನಿ. ಕ್ಯಾಲ್ಸಿಯಂ ಕ್ಲೋರೈಡ್ ನೀರಲ್ಲಿ ಮೂರು ಅಯಾನಾಗಿ ಒಡೆಯುತ್ತದೆ, ಹಾಗಾಗಿ ಒಟ್ಟು ವ್ಯತ್ಯಾಸ ಸುಮಾರು 1.5 ಮಿಲಿಓಸ್ಮೋಲ್. 305 ಬರಬೇಕಾದಲ್ಲಿ 303 ಬಂದರೆ ಯಾರಾದರೂ ತಲೆಕೆಡಿಸಿಕೊಳ್ಳುತ್ತಾರಾ? ಆದರೆ ಸಿನಾಪ್ಸ್ ತಲೆಕೆಡಿಸಿಕೊಳ್ಳುತ್ತದೆ. ನರಪ್ರೇಷಕ ಹೊರಬರುವ ಪ್ರಮಾಣ ಕ್ಯಾಲ್ಸಿಯಂನ ಸುಮಾರು ನಾಲ್ಕನೇ ಘಾತದ ಲೆಕ್ಕದಲ್ಲಿ ಬದಲಾಗುತ್ತದೆ ಎಂದು ಡಾಜ್ ಮತ್ತು ರಹಾಮಿಮೊಫ್ 1967ರಲ್ಲೇ ಕಪ್ಪೆಯ ಸ್ನಾಯುವಿನಲ್ಲಿ ತೋರಿಸಿದ್ದರು. 0.75ರ ನಾಲ್ಕನೇ ಘಾತ ಸುಮಾರು 0.32. ಕಾಲು ಭಾಗ ಕ್ಯಾಲ್ಸಿಯಂ ಹೋದರೆ ಮೂರನೇ ಎರಡು ಭಾಗ ಬಿಡುಗಡೆ ಹೋಗಬಹುದು! ಕ್ಯಾಲ್ಸಿಯಂ ಜಾಸ್ತಿ ಇರುವಾಗ ಈ ಏರಿಳಿತ ಇಷ್ಟು ಕಡಿದಾಗಿರುವುದಿಲ್ಲ, ಆದರೂ ಅಲಕ್ಷ್ಯ ಮಾಡುವಂಥದ್ದಲ್ಲ.

ಕಾರಣ ಬಹುತೇಕ ಬಾಟಲಿಯಲ್ಲೇ ಇರುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಪುಡಿ ಗಾಳಿಯ ತೇವ ಹೀರುತ್ತದೆ. ಮುಚ್ಚಳ ಸಡಿಲವಾಗಿದ್ದ ಬಾಟಲಿಯಿಂದ ತೂಕ ಮಾಡಿದರೆ ನೀವು ತೂಗಿದ್ದರಲ್ಲಿ ಒಂದಷ್ಟು ಬರೀ ನೀರು. ಸಾಂದ್ರತೆ ಖಚಿತವಾಗಿರುವ 1 ಮೋಲರ್ ದ್ರಾವಣ ಕೊಂಡು ಅಳೆದು ಹಾಕುವುದು ವಾಸಿ. ಹಾಕುವ ಹೊತ್ತೂ ಮುಖ್ಯ. ಮೊದಲು 95 ಪ್ರತಿಶತ ಆಮ್ಲಜನಕ, 5 ಪ್ರತಿಶತ ಇಂಗಾಲದ ಡೈಆಕ್ಸೈಡ್ ಇರುವ ಗ್ಯಾಸನ್ನು ಚೆನ್ನಾಗಿ ಬುರುಬುರು ಬಿಟ್ಟು ಪಿಎಚ್ 7.4ರ ಹತ್ತಿರ ಬರಬೇಕು, ಕ್ಯಾಲ್ಸಿಯಂ ಆಮೇಲೆ. ಮೊದಲೇ ಹಾಕಿದರೆ ಅದು ಕಾರ್ಬೊನೇಟ್, ಫಾಸ್ಫೇಟ್ ಜೊತೆ ಸೇರಿ ಗಟ್ಟಿಯಾಗುತ್ತದೆ. ದ್ರಾವಣ ಒಂಚೂರು ಮಬ್ಬಾಗಿ ಕಂಡರೂ ಚೆಲ್ಲಿಬಿಡಿ.

ಕ್ಯಾಲ್ಸಿಯಂ ದೋಷಕ್ಕೆ ಒಂದು ಗುರುತು ಇದೆ. ವಿದ್ಯುತ್ ಪ್ರಚೋದನೆ ಕೊಟ್ಟು ಬರಿಸುವ ಪ್ರತಿಕ್ರಿಯೆ ಜೋರಾಗಿ ಬೀಳುತ್ತದೆ, ತಾನಾಗಿ ಬರುವ ಮಿನಿ ಅಷ್ಟೊಂದು ಬೀಳುವುದಿಲ್ಲ. ಎರಡೂ ಗುಂಪಿನ ಇಲಿಗಳಲ್ಲೂ ಒಂದೇ ದಿನ ಹೀಗಾದರಂತೂ ಬೇರೆ ಯೋಚನೆಯೇ ಬೇಡ, ಆ ದಿನದ ದ್ರಾವಣ ಚೆಲ್ಲಿ ಹೊಸದು ಮಾಡಿ.

ಸ್ಲೈಸ್ ಚೆನ್ನಾಗಿದೆಯಾ?

ಇದಕ್ಕೆ ಜಾಸ್ತಿ ಬರೆಯುವುದಿಲ್ಲ, ಕಣ್ಣು ಪಳಗಿದ ಮೇಲೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಆರೋಗ್ಯವಾದ ಕೋಶ ನುಣುಪಾಗಿ, ಸ್ವಲ್ಪ ಮಸುಕಾಗಿ ಕಾಣುತ್ತದೆ. ಅಂಚು ಎದ್ದು ಕಾಣುತ್ತಿದ್ದರೆ, ಊದಿಕೊಂಡು ಒಳಗಿನ ನ್ಯೂಕ್ಲಿಯಸ್ ಗುಂಡಗೆ ತೋರುತ್ತಿದ್ದರೆ ಆ ಕೋಶ ಹೋದ ಹಾಗೇ. -70ರಲ್ಲಿ ಹಿಡಿಯಲು 200 ಪಿಕೋ ಆಂಪಿಯರ್‌ಗಿಂತ ಜಾಸ್ತಿ ಕರೆಂಟ್ ಬೇಕಾಗುತ್ತಿದ್ದರೆ ಅದೂ ಸೋರುತ್ತಿರುವ ಕೋಶ. ಬ್ಲೇಡ್ ಮೇಲೆ ಕೆಳಗೆ ಅಲುಗಾಡುತ್ತಿದೆಯೇ ಎಂದು ನೋಡಿ, ಮೇಲ್ಪದರದ ಕೋಶಗಳು ಸಾಯುವುದಕ್ಕೆ ಅದೊಂದೇ ಸಾಕು. ಕತ್ತರಿಸಿದ ಮೇಲೆ ಬೆಚ್ಚಗೆ ಅರ್ಧ ಗಂಟೆ, ಆಮೇಲೆ ಕೋಣೆಯ ಉಷ್ಣತೆಯಲ್ಲಿ ಒಂದು ಗಂಟೆಯಾದರೂ ಸ್ಲೈಸ್‌ಗೆ ಬಿಡುವು ಕೊಡಿ.

ನೀವು ಎಣಿಸುತ್ತಿರುವುದು ಯಾವ ಮಿನಿ?

ಪ್ರಶ್ನೆ ವಿಚಿತ್ರ ಅನ್ನಿಸಬಹುದು. ಆದರೆ ಟಿಟಿಎಕ್ಸ್ ನಿಲ್ಲಿಸುವುದು ಆಕ್ಷನ್ ಪೊಟೆನ್ಷಿಯಲ್‌ಗಳನ್ನು, ಅಂದರೆ ನರದ ವಿದ್ಯುತ್ ಸಂಕೇತಗಳನ್ನು, ಮಾತ್ರ. ಕೋಶವನ್ನು ತಣ್ಣಗೆ ಮಾಡುವ ನರಪ್ರೇಷಕವಾದ ಗಾಬಾ ಬಿಡುವ ಸಿನಾಪ್ಸ್‌ಗಳಿಂದಲೂ ಮಿನಿ ಬರುತ್ತಲೇ ಇರುತ್ತದೆ. ಅದು ಕಾಣುತ್ತದೋ ಇಲ್ಲವೋ ಎನ್ನುವುದು ಪಿಪೆಟ್ ಒಳಗಿನ ಕ್ಲೋರೈಡ್ ಮೇಲಿದೆ. ಸೀಸಿಯಂ ಮೀಥೇನ್‌ಸಲ್ಫೊನೇಟ್ ಬಳಸಿ ಕ್ಲೋರೈಡ್ ಕಡಿಮೆ ಇಟ್ಟರೆ ಗಾಬಾ ಕರೆಂಟ್ ದಿಕ್ಕು ಬದಲಿಸುವ ವೋಲ್ಟೇಜ್ -70ರ ಆಸುಪಾಸು ಬರುತ್ತದೆ, ಅಲ್ಲಿ ಗಾಬಾ ಮಿನಿ ಕಾಣುವುದೇ ಇಲ್ಲ. ಯಾರೋ ಅವಸರದಲ್ಲಿ ಸೀಸಿಯಂ ಕ್ಲೋರೈಡ್ ಇರುವ ಟ್ಯೂಬ್ ತೆಗೆದುಕೊಂಡರೆ ಆ ವೋಲ್ಟೇಜ್ ಸೊನ್ನೆಯ ಹತ್ತಿರ ಹೋಗುತ್ತದೆ. ಆಗ ಗಾಬಾ ಮಿನಿಗಳೂ ಗ್ಲುಟಮೇಟ್ ಮಿನಿಗಳ ಹಾಗೇ ಕೆಳಮುಖವಾಗಿ ಬರುತ್ತವೆ. ಇಳಿಯುವುದು ಮಾತ್ರ ನಿಧಾನ. ಹೀಗೆ ಕಲಬೆರಕೆಯಾದ ಟ್ರೇಸ್‌ನಲ್ಲಿ ಸಂಖ್ಯೆ ಕಡಿಮೆಯಾದರೆ ಕಡಿಮೆಯಾದದ್ದು ಯಾವುದು ಎಂದು ಹೇಳುವುದು ಹೇಗೆ?

ಗಾಬಾ ಕರೆಂಟ್ ತಡೆಯುವ ಪಿಕ್ರೊಟಾಕ್ಸಿನ್ ಅಥವಾ ಗಾಬಜೈನ್ ಬಾತ್‌ನಲ್ಲಿ ಇರಲಿ. ರೆಕಾರ್ಡಿಂಗ್ ಮುಗಿದ ಮೇಲೆ ಕೆಲವು ಕೋಶಗಳಿಗಾದರೂ ಎನ್‌ಬಿಕ್ಯುಎಕ್ಸ್ ಹರಿಸಿ, ಇದು ಗ್ಲುಟಮೇಟ್ ಹಿಡಿಯುವ ಆಂಪಾ ರಿಸೆಪ್ಟರ್‌ಗಳನ್ನು ಮುಚ್ಚುತ್ತದೆ. ಎಲ್ಲ ಮಿನಿಗಳೂ ಮಾಯವಾಗಬೇಕು. ಉಳಿದದ್ದು ಏನಾದರೂ ಇದ್ದರೆ ಅದು ಆಂಪಾ ರಿಸೆಪ್ಟರ್‌ನದ್ದಲ್ಲ.

ಈಗ ಸಿನಾಪ್ಸ್ ಕಡೆಗೆ

ಇಷ್ಟೆಲ್ಲ ದಾಟಿಯೂ ಸಂಖ್ಯೆ ಕಡಿಮೆಯೇ ಉಳಿದರೆ ಖುಷಿಪಡಿ, ದೋಷ ನಿಜವಾಗಿಯೂ ಸಿನಾಪ್ಸ್‌ನಲ್ಲಿದೆ. ಈಗ ಸಾಧ್ಯತೆ ಮೂರು. ಬಿಡುಗಡೆಯಾಗುವ ಸಂಭವ ಕಡಿಮೆಯಾಗಿದೆ. ಸಿನಾಪ್ಸ್‌ಗಳ ಸಂಖ್ಯೆಯೇ ಕಡಿಮೆಯಾಗಿದೆ. ಅಥವಾ ಸಿನಾಪ್ಸ್‌ಗಳು ಇವೆ, ಆದರೆ ಕೆಲವು ಮಾತಾಡುತ್ತಿಲ್ಲ.

ಮೊದಲನೆಯದಕ್ಕೆ ಜೋಡಿ ಪಲ್ಸ್ ಪರೀಕ್ಷೆ. ಇದನ್ನು ಟಿಟಿಎಕ್ಸ್ ಇಲ್ಲದ ಬಾತ್‌ನಲ್ಲಿ ಮಾಡಬೇಕು. 50 ಮಿಲಿಸೆಕೆಂಡ್ ಅಂತರದಲ್ಲಿ ಎರಡು ಪ್ರಚೋದನೆ ಕೊಡಿ, ಎರಡನೇ ಪ್ರತಿಕ್ರಿಯೆಯನ್ನು ಮೊದಲನೆಯದರಿಂದ ಭಾಗಿಸಿ. ಹಿಪೊಕ್ಯಾಂಪಸ್‌ನ ಇನ್ನೊಂದು ಭಾಗವಾದ ಸಿಎ3ಯಿಂದ ಸಿಎ1ಗೆ ಹೋಗುವ ಸಿನಾಪ್ಸ್‌ಗಳಲ್ಲಿ ಈ ಅನುಪಾತ ಸಾಮಾನ್ಯವಾಗಿ 1ಕ್ಕಿಂತ ಜಾಸ್ತಿ. ಮೊದಲ ಪಲ್ಸ್‌ನಿಂದ ಉಳಿದ ಕ್ಯಾಲ್ಸಿಯಂ ಎರಡನೆಯದಕ್ಕೆ ಸಹಾಯ ಮಾಡುತ್ತದೆ. ಬಿಡುಗಡೆಯ ಸಂಭವ ಕಡಿಮೆಯಾದರೆ ಅನುಪಾತ ಇನ್ನೂ ಏರಬೇಕು. ಅನುಪಾತ ಅಲುಗಾಡದಿದ್ದರೆ "ಪ್ರಿಸಿನಾಪ್ಟಿಕ್" ಎನ್ನುವ ತೀರ್ಪಿಗೆ ಅರ್ಧ ಬಲ ಹೋದ ಹಾಗೆ. ಒಂದು ಎಚ್ಚರಿಕೆ: ಪಿಕ್ರೊಟಾಕ್ಸಿನ್ ಇರುವ ಸ್ಲೈಸ್‌ನಲ್ಲಿ ಸಿಎ3 ಕೋಶಗಳು ಒಟ್ಟಿಗೆ ಸಿಡಿಯತೊಡಗುತ್ತವೆ, ಆಗ ಎರಡನೇ ಪ್ರತಿಕ್ರಿಯೆ ಅಂಕುಡೊಂಕಾಗಿ ಬರುತ್ತದೆ. ಸಿಎ3ಯನ್ನು ಕತ್ತರಿಸಿ ಬೇರೆ ಮಾಡಿ.

ಇನ್ನೂ ಗಟ್ಟಿ ಸಾಕ್ಷಿ ಬೇಕಿದ್ದರೆ ಎಂಕೆ-801 ಎನ್ನುವ ಔಷಧಿ. ಗ್ಲುಟಮೇಟ್ ಹಿಡಿಯುವ ಇನ್ನೊಂದು ರಿಸೆಪ್ಟರ್ ಎನ್‌ಎಂಡಿಎ; ಇದು ತೆರೆದುಕೊಂಡ ಎನ್‌ಎಂಡಿಎ ಚಾನೆಲ್ ಒಳಗೆ ಹೋಗಿ ಕೂರುತ್ತದೆ, ರೆಕಾರ್ಡಿಂಗ್ ಮುಗಿಯುವವರೆಗೆ ಏಳುವುದಿಲ್ಲ. ಆಂಪಾ ರಿಸೆಪ್ಟರ್‌ಗಳನ್ನು ಮುಚ್ಚಿ, ಕೋಶವನ್ನು +40 ಮಿಲಿವೋಲ್ಟ್‌ನಲ್ಲಿ ಹಿಡಿದು, ಪ್ರಚೋದನೆ ನಿಲ್ಲಿಸಿ ಔಷಧಿ ಹರಡಲು ಸಮಯ ಕೊಟ್ಟು, ಮತ್ತೆ ಶುರು ಮಾಡಿ. ನರಪ್ರೇಷಕ ಸುಲಭವಾಗಿ ಬಿಡುವ ಸಿನಾಪ್ಸ್‌ಗಳಲ್ಲಿ ಚಾನೆಲ್‌ಗಳು ಬೇಗ ಮುಚ್ಚುತ್ತವೆ, ಹಿಂದೆಮುಂದೆ ನೋಡುವ ಸಿನಾಪ್ಸ್‌ಗಳಲ್ಲಿ ನಿಧಾನ. ಪ್ರತಿಕ್ರಿಯೆ ಎಷ್ಟು ಬೇಗ ಇಳಿಯುತ್ತದೆ ಎನ್ನುವುದೇ ಅಳತೆ. 1993ರಿಂದ ಬಳಕೆಯಲ್ಲಿರುವ ವಿಧಾನ. ನನಗೆ ಜೋಡಿ ಪಲ್ಸ್‌ಗಿಂತ ಇದರ ಮೇಲೆ ನಂಬಿಕೆ ಜಾಸ್ತಿ. ಬೆಲೆಯೂ ಇದೆ: ಒಂದು ಸ್ಲೈಸ್‌ನಿಂದ ಒಂದೇ ಕೋಶ.

ಮಾತಾಡದ ಸಿನಾಪ್ಸ್‌ಗಳು

ಎಳೆಯ ಇಲಿಯ ಮೆದುಳಿನಲ್ಲಿ ಎಷ್ಟೋ ಸಿನಾಪ್ಸ್‌ಗಳಲ್ಲಿ ಎನ್‌ಎಂಡಿಎ ರಿಸೆಪ್ಟರ್ ಇರುತ್ತದೆ, ಕೆಲಸ ಮಾಡುವ ಆಂಪಾ ಇರುವುದಿಲ್ಲ. -70ರಲ್ಲಿ ಮೆಗ್ನೀಸಿಯಂ ಎನ್‌ಎಂಡಿಎ ಚಾನೆಲ್‌ನ ಬಾಯಿಗೆ ಕೂತಿರುತ್ತದೆ. ಹಾಗಾಗಿ ಆಚೆಯಿಂದ ಗ್ಲುಟಮೇಟ್ ಸುರಿದರೂ ಈಚೆ ಏನೂ ಕಾಣುವುದಿಲ್ಲ. ಕೋಶವನ್ನು +40ಕ್ಕೆ ಏರಿಸಿದರೆ ಮೆಗ್ನೀಸಿಯಂ ಜಾಗ ಬಿಡುತ್ತದೆ, ಅದೇ ಸಿನಾಪ್ಸ್ ಈಗ ಉತ್ತರ ಕೊಡುತ್ತದೆ. 1995ರಲ್ಲಿ ಎರಡು ಪ್ರಯೋಗಾಲಯಗಳು ಬೇರೆ ಬೇರೆಯಾಗಿ ಇದನ್ನು ಸಿಎ1ನಲ್ಲಿ ತೋರಿಸಿದವು.

ನಮ್ಮ ಹುಡುಕಾಟಕ್ಕೆ ಇದು ಯಾಕೆ ಮುಖ್ಯ ಎಂದರೆ, ಇದು ಪೂರ್ತಿ ಪಡೆಯುವ ಕಡೆಯ ದೋಷ. ಆದರೂ ಇಳಿಯುವುದು ಮಿನಿಗಳ ಸಂಖ್ಯೆ! ಆಂಪಾ ಇಲ್ಲದ ಸಿನಾಪ್ಸ್‌ನ ಮಿನಿ -70ರಲ್ಲಿ ಲೆಕ್ಕಕ್ಕೇ ಬರುವುದಿಲ್ಲ, ಉಳಿದವುಗಳ ಎತ್ತರಕ್ಕೆ ಏನೂ ಆಗಿರುವುದಿಲ್ಲ. ಹಳೇ ಸೂತ್ರ ಹಿಡಿದವರು ಇಲ್ಲಿ ಸಿನಾಪ್ಸ್‌ನ ತಪ್ಪು ಬದಿಗೇ ಹೋಗಿ ಕೂರುತ್ತಾರೆ.

ಪರೀಕ್ಷೆಗೆ ತಾಳ್ಮೆ ಬೇಕು. ಒಂದೋ ಎರಡೋ ನಾರು ಮಾತ್ರ ಎಚ್ಚರಗೊಳ್ಳುವಷ್ಟು ಕಡಿಮೆ ಪ್ರಚೋದನೆ ಕೊಡಿ. -70ರಲ್ಲಿ ಎಷ್ಟು ಸಲ ಉತ್ತರ ಬರಲಿಲ್ಲ, +40ರಲ್ಲಿ ಎಷ್ಟು ಸಲ ಬರಲಿಲ್ಲ ಎಂದು ಎಣಿಸಿ. ಎರಡೂ ಒಂದೇ ಆದರೆ ಸಿನಾಪ್ಸ್‌ಗಳೆಲ್ಲ ಮಾತಾಡುತ್ತಿವೆ. +40ರಲ್ಲಿ ಉತ್ತರ ತಪ್ಪುವುದು ಕಡಿಮೆಯಾದರೆ ಮೌನ ಸಿನಾಪ್ಸ್‌ಗಳು ಇವೆ. ಇಷ್ಟು ಸಮಯ ಇಲ್ಲದವರು ಆಂಪಾ ಮತ್ತು ಎನ್‌ಎಂಡಿಎ ಅನುಪಾತ ನೋಡಬಹುದು: ಆಂಪಾವನ್ನು -70ರ ಶಿಖರದಲ್ಲಿ, ಎನ್‌ಎಂಡಿಎಯನ್ನು +40ರಲ್ಲಿ ಪ್ರಚೋದನೆಯಾದ 50 ಮಿಲಿಸೆಕೆಂಡ್ ನಂತರ. ಅಷ್ಟು ಹೊತ್ತಿಗೆ ಆಂಪಾ ಕರೆಂಟ್ ಇಳಿದಿರುತ್ತದೆ.

ಅನುಪಾತ ಸರಿ ಇದೆ, ಜೋಡಿ ಪಲ್ಸ್ ಸರಿ ಇದೆ, ಮಿನಿ ಮಾತ್ರ ಕಡಿಮೆ ಎಂದಾದರೆ ಸಿನಾಪ್ಸ್‌ಗಳೇ ಕಡಿಮೆ ಇರಬೇಕು. ಬಣ್ಣ ಹಾಕಿ ನೋಡುವುದು ಮುಂದಿನ ಹೆಜ್ಜೆ, ಕಳಿಸುವ ಕಡೆಯ ಪ್ರೋಟೀನ್ ಬಸೂನ್ ಒಂದು ಬಣ್ಣ, ಪಡೆಯುವ ಕಡೆಯ ಪಿಎಸ್‌ಡಿ-95 ಇನ್ನೊಂದು. ಆದರೆ ಸಿನಾಪ್ಸ್‌ನ ಸಂದು ಸುಮಾರು 20 ನ್ಯಾನೋಮೀಟರ್, ಮಾಮೂಲಿ ಬೆಳಕಿನ ಸೂಕ್ಷ್ಮದರ್ಶಕಕ್ಕೆ 200ಕ್ಕಿಂತ ಹತ್ತಿರದ ಎರಡು ಚುಕ್ಕೆ ಒಂದೇ ಆಗಿ ಕಾಣುತ್ತವೆ. ಎರಡು ಬಣ್ಣ ಒಂದರ ಮೇಲೊಂದು ಬಿದ್ದ ಮಾತ್ರಕ್ಕೆ ಅಲ್ಲಿ ಸಿನಾಪ್ಸ್ ಇದೆ ಎಂದಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಎಣಿಸಿದರೆ ವಾದ ಮುಗಿಯುತ್ತದೆ.

ವಯಸ್ಸು ನೋಡಿದ್ದೀರಾ?

ಸಿನಾಪ್ಸ್ ಬೆಳೆಯುವ ದಿನಗಳಲ್ಲಿ ಎರಡು ದಿನದ ವ್ಯತ್ಯಾಸವೂ ದೊಡ್ಡದೇ. ಇಲಿ ಹುಟ್ಟಿದ ಮೊದಲ ವಾರಗಳಲ್ಲಿ ಎನ್‌ಎಂಡಿಎ ರಿಸೆಪ್ಟರ್‌ನ ಭಾಗ ಗ್ಲುಎನ್‌2ಬಿಯಿಂದ ಗ್ಲುಎನ್‌2ಎ ಕಡೆಗೆ ಬದಲಾಗುತ್ತದೆ, ಕರೆಂಟ್ ಬೇಗ ಇಳಿಯತೊಡಗುತ್ತದೆ. ಕೆಸಿಸಿ2 ಎನ್ನುವ ಪ್ರೋಟೀನ್ ಹೆಚ್ಚುತ್ತಾ ಹೋದ ಹಾಗೆ ಕೋಶದ ಒಳಗಿನ ಕ್ಲೋರೈಡ್ ಇಳಿಯುತ್ತದೆ, ಅಲ್ಲಿಯವರೆಗೆ ಗಾಬಾ ಕೋಶವನ್ನು ತಣ್ಣಗೆ ಮಾಡುವ ಬದಲು ಕೆರಳಿಸುವ ದಿಕ್ಕಿಗೇ ತಳ್ಳುತ್ತಿರುತ್ತದೆ. ಮೌನ ಸಿನಾಪ್ಸ್‌ಗಳು ಇದೇ ಸಮಯದಲ್ಲಿ ಕಡಿಮೆಯಾಗುತ್ತವೆ. ಮಾಮೂಲಿ ಇಲಿ ಹದಿನಾರನೇ ದಿನದ್ದು, ಜೀನ್ ತೆಗೆದದ್ದು ಹದಿಮೂರನೇ ದಿನದ್ದು ಎಂದಾದರೆ ನೀವು ಹೋಲಿಸುತ್ತಿರುವುದು ಜೀನನ್ನಲ್ಲ, ವಯಸ್ಸನ್ನು. ಒಂದೇ ತಾಯಿಯ ಒಂದೇ ಸೂಲಿನ ಮರಿಗಳನ್ನು ಒಂದೇ ವಯಸ್ಸಿನಲ್ಲಿ ಹೋಲಿಸಿ. ಯಾವುದು ಯಾವ ಗುಂಪಿನದ್ದು ಎಂದು ರೆಕಾರ್ಡ್ ಮಾಡುವವರಿಗೆ ತಿಳಿಯಬಾರದು.

ಕಲ್ಚರ್‌ನಲ್ಲಿ, ಅಂದರೆ ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ, ಕೆಲಸ ಮಾಡುವವರಿಗೆ ಇನ್ನೆರಡು ಅನುಮಾನ. ಒಂದು, ಆಸ್ಟ್ರೋಸೈಟ್‌ಗಳು (ನರಕೋಶಗಳಿಗೆ ಆಸರೆಯಾಗುವ ಗ್ಲಿಯಾ ಕೋಶಗಳ ಒಂದು ಬಗೆ) ಸಾಕಷ್ಟಿವೆಯೇ? 1997ರಲ್ಲಿ ಫ್ರೀಗರ್ ಮತ್ತು ಬ್ಯಾರೆಸ್ ರೆಟಿನಾದ ನರಕೋಶಗಳನ್ನು ಗ್ಲಿಯಾ ಇಲ್ಲದೆ ಬೆಳೆಸಿದಾಗ ಸಿನಾಪ್ಸ್ ಚಟುವಟಿಕೆ ಬಹಳ ಕಡಿಮೆ ಇತ್ತು, ಗ್ಲಿಯಾ ಜೊತೆಗಿದ್ದಾಗ ಅದು ಎಷ್ಟೋ ಪಾಲು ಏರಿತು. ಎರಡು, ಜಾಲದ ಚಟುವಟಿಕೆ ಬದಲಾದರೆ ಸಿನಾಪ್ಸ್‌ಗಳು ತಾವೇ ಸರಿದೂಗಿಸಿಕೊಳ್ಳುತ್ತವೆ. ಕಾರ್ಟೆಕ್ಸ್ ಕಲ್ಚರ್‌ಗೆ 48 ಗಂಟೆ ಟಿಟಿಎಕ್ಸ್ ಹಾಕಿದರೆ ಮಿನಿಯ ಎತ್ತರ ಹೆಚ್ಚುತ್ತದೆ ಎಂದು ಟುರಿಜಿಯಾನೊ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು.

ಜೀನ್ ತೆಗೆದ ಇಲಿಯಲ್ಲೂ ಈ ಸರಿದೂಗಿಸುವಿಕೆ ನಡೆಯುತ್ತಿರುತ್ತದೆ ಎನ್ನುವುದೇ ದೊಡ್ಡ ತೊಡಕು. ಮೂಲ ದೋಷ ಒಂದು ಕಡೆ, ಕಣ್ಣಿಗೆ ಕಾಣುವ ಬದಲಾವಣೆ ಇನ್ನೊಂದು ಕಡೆ. ಇದನ್ನು ಬಿಡಿಸಲು ಇಡೀ ಇಲಿಯಿಂದ ಜೀನ್ ತೆಗೆಯುವ ಬದಲು ಅಲ್ಲೊಂದು ಇಲ್ಲೊಂದು ಕೋಶದಿಂದ ಮಾತ್ರ ತೆಗೆಯಿರಿ. ಆ ಕೋಶವನ್ನೂ ಪಕ್ಕದ ಮಾಮೂಲಿ ಕೋಶವನ್ನೂ ಒಟ್ಟಿಗೆ ಪ್ಯಾಚ್ ಮಾಡಿ, ಒಂದೇ ಪ್ರಚೋದನೆ ಕೊಡಿ. ಬರುವ ನಾರುಗಳೆಲ್ಲ ಮಾಮೂಲಿ, ದ್ರಾವಣ ಒಂದೇ, ಸ್ಲೈಸ್ ಒಂದೇ, ವಯಸ್ಸು ಒಂದೇ. ಇಲ್ಲೂ ಆ ಒಂದು ಕೋಶದಲ್ಲಿ ಮಿನಿ ಕಡಿಮೆ ಬಂದರೆ ಜೀನ್‌ನ ಕೆಲಸ ಪಡೆಯುವ ಕೋಶದಲ್ಲೇ ಇದೆ. ಮಿನಿ ಮಾಮೂಲಿಯಾಗಿ ಬಂದರೆ ಜೀನ್ ತೆಗೆಯಲು ಬಳಸುವ ವೈರಸ್‌ ಅನ್ನು ಸಿಎ3ಗೆ ಹಾಕಿ, ಕಳಿಸುವ ಕೋಶಗಳಿಂದ ಜೀನ್ ತೆಗೆದು, ಜೋಡಿ ಪಲ್ಸ್‌ನಿಂದ ಮತ್ತೆ ಶುರು ಮಾಡಿ.